ಬ್ಲಾಕ್‌ಚೈನ್ ಮತ್ತು ನಮ್ಮ ಕಾಗದಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಜಾತಿ-ಆದಾಯ, ಪಹಣಿ, ಇಸಿ, ಸ್ಕಾಲರ್‌ಶಿಪ್ ಅರ್ಜಿ, ನೌಕರಿ ಅರ್ಜಿ, ಇದೇ ದಿನದ ಕೆಲಸ. ಜೂನ್ ಬಂತೆಂದರೆ ಊಟಕ್ಕೂ ಬಿಡುವಿರುವುದಿಲ್ಲ. ಇತ್ತೀಚೆಗೆ ಕಾಲೇಜು ಹುಡುಗರು ಬ್ಲಾಕ್‌ಚೈನ್ ಬಗ್ಗೆ ಕೇಳುತ್ತಾರೆ. ಅವರ ಹಿಂದೆ ನಿಂತ ಅಪ್ಪಂದಿರು "ಅದೇನೋ ಚೈನ್ ಬಂದೈತಂತಲ್ಲ, ನಮ್ಮ ಹೊಲದ ಕಾಗದಕ್ಕೂ ಹಾಕಬೇಕೇನ್ರೀ?" ಎನ್ನುತ್ತಾರೆ. ಕೌಂಟರಿನಲ್ಲಿ ನಿಂತು ಎರಡು ನಿಮಿಷಕ್ಕೆ ಮುಗಿಯುವ ಮಾತಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ. ಜನ ಕೇಳಿದ ಪ್ರಶ್ನೆಗಳೇ ಇವು, ಹೆಚ್ಚು ಕಡಿಮೆ ಅವರದೇ ಮಾತಿನಲ್ಲಿ.

ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್ ಅಲ್ವಾ? ನಮ್ಮ ಪಹಣಿಗೂ ಅದಕ್ಕೂ ಏನು ಸಂಬಂಧ?

ಬ್ಲಾಕ್‌ಚೈನ್ ಅಂದರೆ ಯಾರೂ ಗುಟ್ಟಾಗಿ ತಿದ್ದಲು ಬರದಂತೆ ಒಂದಕ್ಕೊಂದು ಪೋಣಿಸಿ, ಹಲವು ಕಡೆ ಪ್ರತಿ ಇಡುವ ಕಂಪ್ಯೂಟರ್ ಲೆಕ್ಕದ ಪುಸ್ತಕ. ಬಿಟ್‌ಕಾಯಿನ್ ಎಂಬ ಕಂಪ್ಯೂಟರ್ ನಾಣ್ಯ ಅದರ ಒಂದು ಬಳಕೆ, ಅಷ್ಟೇ. ಕಾಗದಪತ್ರದ ಬ್ಲಾಕ್‌ಚೈನಿನಲ್ಲಿ ನೀವು ನಾಣ್ಯ ಕೊಳ್ಳಬೇಕಿಲ್ಲ, ದುಡ್ಡು ಹೂಡಬೇಕಿಲ್ಲ, ಬೆಲೆ ಏರಿತೋ ಇಳಿಯಿತೋ ಎಂದು ನೋಡಬೇಕಿಲ್ಲ.

ನಿಜ ಹೇಳಬೇಕೆಂದರೆ ದಾಖಲೆಯ ಕೆಲಸವೇ ಮೊದಲು ಬಂದದ್ದು. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಸಂಶೋಧಕರು ಒಂದು ಪ್ರಶ್ನೆ ಎತ್ತಿಕೊಂಡರು. ಕಂಪ್ಯೂಟರಿನಲ್ಲಿರುವ ಫೈಲು ಇಂಥ ದಿನವೇ ಇತ್ತು, ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ ಎಂದು ಹೇಗೆ ತೋರಿಸುವುದು? ಪ್ರತಿ ದಾಖಲೆಯ ಗುರುತನ್ನು ಅದರ ಹಿಂದಿನ ದಾಖಲೆಯ ಗುರುತಿಗೆ ಪೋಣಿಸುತ್ತಾ ಹೋಗುವುದು ಅವರ ಉಪಾಯ. 1995ರಿಂದ ಆ ಸರಪಳಿಯ ಸಾರವನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ ಅಚ್ಚು ಹಾಕಿಸಿದರು. ಅಚ್ಚಾಗಿ ಊರೂರಿಗೆ ಹೋದ ಪೇಪರನ್ನು ಯಾರು ತಿದ್ದುತ್ತಾರೆ? 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಪ್ರಬಂಧ ಬಂದಾಗ ಅದರ 8 ಆಧಾರಗಳಲ್ಲಿ 3 ಈ ಇಬ್ಬರ ಬರಹಗಳೇ ಆಗಿದ್ದವು.

ಆ ಸರಪಳಿ ಅನ್ನೋದನ್ನ ನಮಗೆ ತಿಳಿಯೋ ಹಾಗೆ ಹೇಳಿ.

ಎಪಿಎಂಸಿಯಲ್ಲಿ ಹಳೆಯ ಅಡತಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ಪುಟದ ಮೊದಲ ಸಾಲು ಹಿಂದಿನ ಪುಟದ ಮೊತ್ತ. ಕೊನೆಗೆ ಕೂಡಿ, ಬಂದದ್ದನ್ನು ಮುಂದಿನ ಪುಟಕ್ಕೆ ಒಯ್ಯುತ್ತಾರೆ. ಗುಮಾಸ್ತ 40ನೇ ಪುಟದಲ್ಲಿ ಒಂದು ಸೊನ್ನೆ ತಿದ್ದಿದ ಅನ್ನಿ. 41ನೇ ಪುಟದ ಮೊದಲ ಸಾಲು ತಾಳೆಯಾಗುವುದಿಲ್ಲ. ಅದನ್ನೂ ತಿದ್ದಿದರೆ 42 ಕೆಡುತ್ತದೆ. ಮುಚ್ಚಿಡಬೇಕೆಂದರೆ 40ರಿಂದ ಇವತ್ತಿನವರೆಗೆ ಎಲ್ಲ ಪುಟವನ್ನೂ ಹೊಸದಾಗಿ ಬರೆಯಬೇಕು. ಇಲ್ಲಿ ಪುಟವೇ ಬ್ಲಾಕ್. ಪುಟಕ್ಕೆ ಪುಟ ಪೋಣಿಸಿದ್ದು ಚೈನ್.

ಇನ್ನೊಂದು ಸಂಗತಿ ಸೇರಿಸಿ. ಇದೇ ಪುಸ್ತಕದ ಒಂದೊಂದು ಪ್ರತಿ ಹತ್ತು ಅಂಗಡಿಯಲ್ಲಿದೆ. ಹೊಸ ಸಾಲು ಬರೆಯುವ ಮುನ್ನ ಹತ್ತೂ ಜನ ಒಪ್ಪಬೇಕು, ಇಲ್ಲವೇ ಹೆಚ್ಚಿನವರಾದರೂ ಒಪ್ಪಬೇಕು. ಈಗ ಒಬ್ಬ ಗುಮಾಸ್ತ ರಾತ್ರಿಯೆಲ್ಲ ಕೂತು ತನ್ನ ಪುಸ್ತಕವನ್ನು ತಿದ್ದಿ ಬರೆದರೂ ಬೆಳಿಗ್ಗೆ ಸಿಕ್ಕಿಬೀಳುತ್ತಾನೆ.

ಅಡತಿ ಪುಸ್ತಕದಲ್ಲಿ ಒಂದು ಮೋಸಕ್ಕೆ ಜಾಗ ಇದೆ. ಒಬ್ಬ ರೈತನ ಖಾತೆಯಲ್ಲಿ ನೂರು ಕಳೆದು ಇನ್ನೊಬ್ಬನ ಖಾತೆಗೆ ನೂರು ಕೂಡಿದರೆ ಪುಟದ ಮೊತ್ತ ಬದಲಾಗುವುದೇ ಇಲ್ಲ. ಬ್ಲಾಕ್‌ಚೈನಿನಲ್ಲಿ ಮೊತ್ತದ ಬದಲು ಹ್ಯಾಶ್ ಬಳಸುತ್ತಾರೆ. ಅದಕ್ಕೆ ಈ ಮೋಸ ನಡೆಯದು.

ಹ್ಯಾಶ್ ಅಂದರೆ?

ಫೈಲಿನ ಹೆಬ್ಬೆಟ್ಟು ಎಂದುಕೊಳ್ಳಿ. ಫೈಲನ್ನು ಒಂದು ಲೆಕ್ಕದೊಳಗೆ ಹಾಯಿಸಿದರೆ ಗುರುತಿನ ಸಾಲೊಂದು ಹೊರಬರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಎಸ್‌ಎಚ್‌ಎ-256. ಅದರಲ್ಲಿ ಯಾವಾಗಲೂ 64 ಅಕ್ಷರ ಬರುತ್ತವೆ, 0ಯಿಂದ 9ರವರೆಗಿನ ಅಂಕಿ ಮತ್ತು ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳು. ಒಂದು ಪುಟದ ಪಹಣಿ ಹಾಕಿದರೂ 64, ಮೂರು ತಾಸಿನ ಮದುವೆ ವಿಡಿಯೊ ಹಾಕಿದರೂ 64. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಗುರುತೇ ಸಿಗದಂತೆ ಬೇರೆಯಾಗುತ್ತದೆ. ಹ್ಯಾಶ್ ನೋಡಿ ಒಳಗಿನ ಫೈಲು ಏನಿತ್ತೆಂದು ಹಿಂದಕ್ಕೆ ಹೋಗಿ ತಿಳಿಯಲು ಬರುವುದಿಲ್ಲ. ಜೋಳ ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಜೋಳ ಬರುತ್ತದೆಯೇ?

ವಿಂಡೋಸ್ ಕಂಪ್ಯೂಟರ್ ಇದ್ದರೆ ಸುಮ್ನೆ ಒಮ್ಮೆ ಮಾಡಿ ನೋಡಿ. ಕಮಾಂಡ್ ಪ್ರಾಂಪ್ಟಿನಲ್ಲಿ 'ಸರ್ಟ್‌ಯುಟಿಲ್' ಎಂಬ ಆಜ್ಞೆ ಇದೆ, ಯಾವ ಫೈಲಿನ ಹ್ಯಾಶನ್ನಾದರೂ ಅದು ಹೇಳುತ್ತದೆ. ನಾನು ಅಂಗಡಿ ಹುಡುಗನಿಗೆ ಇದನ್ನು ತೋರಿಸಿದಾಗ ಒಂದು ಮಧ್ಯಾಹ್ನ ಪೂರ್ತಿ ಅದನ್ನೇ ಆಡುತ್ತಾ ಕೂತಿದ್ದ.

ಒಂದೇ ದಾಖಲೆಯನ್ನು ಹತ್ತಾರು ಕಡೆ ಇಟ್ಟರೆ ಏನು ಲಾಭ? ಒಂದೇ ಕಡೆ ಭದ್ರವಾಗಿ ಇಟ್ಟರೆ ಸಾಲದಾ?

ನಮ್ಮ ಭಾಗದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಶೋಕ ಇಲ್ಲೇ ಮಾಡಿ ತೋರಿಸಿದ್ದಾನೆ. ಕೊಪ್ಪಳದ ಗವಿಮಠದ ಬಂಡೆ, ಅಲ್ಲಿಯೇ ಪಾಲ್ಕಿಗುಂಡು, ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. ಇಷ್ಟು ಕಡೆ ಹೆಚ್ಚು ಕಡಿಮೆ ಒಂದೇ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಒಂದು ಕಲ್ಲು ಸವೆದು ಅಕ್ಷರ ಹೋದರೆ ಶಾಸನ ಓದುವವರು ಇನ್ನೊಂದು ಊರಿನ ಕಲ್ಲನ್ನು ನೋಡಿ ತುಂಬಿಕೊಳ್ಳುತ್ತಾರೆ. ಒಂದರಲ್ಲಿ ಯಾರಾದರೂ ಕಿತಾಪತಿ ಮಾಡಿದರೂ ಉಳಿದವು ಸಾಕ್ಷಿ ಹೇಳುತ್ತವೆ.

ಮಸ್ಕಿಯದು ಇನ್ನೂ ಚೆಂದದ ಕಥೆ. ಬೇರೆ ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪಿಯ' ಎಂಬ ಬಿರುದು ಮಾತ್ರ ಇತ್ತು. ಈ ದೇವಾನಾಂಪಿಯ ಯಾರು ಎಂಬುದಕ್ಕೆ ಕಲ್ಲಿನ ಮೇಲಿನ ಪುರಾವೆ ಬೇಕಿತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಬಂಡೆ ಕಂಡ. ಅಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ದಾಖಲೆಗೆ ದಾಖಲೆ ತಾಳೆ ಹಾಕಿ ಸತ್ಯ ಗಟ್ಟಿ ಮಾಡುವ ಕೆಲಸ ಅಂದರೆ ಇದೇ ನೋಡಿ.

ಒಂದು ವ್ಯತ್ಯಾಸ ಇದೆ. ಅಶೋಕನ ಕಲ್ಲುಗಳಲ್ಲಿ ಊರಿಂದೂರಿಗೆ ಪದ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ನಡೆಯಿತು. ಬ್ಲಾಕ್‌ಚೈನಿನಲ್ಲಿ ಪ್ರತಿಗಳು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಹಾಗಾದರೆ ನನ್ನ ಜಾತಿ ಪತ್ರ, ಆಧಾರ್ ನಂಬರ್ ಎಲ್ಲ ಹತ್ತು ಕಡೆ ಬಿದ್ದಿರುತ್ತಾ?

ಸರಿಯಾಗಿ ಮಾಡಿದ್ದರೆ ಇಲ್ಲ. ಸರಪಳಿಗೆ ಹೋಗುವುದು ಪತ್ರವಲ್ಲ, ಪತ್ರದ ಹ್ಯಾಶ್ ಮಾತ್ರ. ಪತ್ರ ನಿಮ್ಮ ಹತ್ತಿರ ಮತ್ತು ಕೊಟ್ಟ ಕಚೇರಿಯ ಹತ್ತಿರ ಇರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಆಧಾರ್ ನಂಬರಿಗೆ 12 ಅಂಕಿ. ಅಂದರೆ ಹೆಚ್ಚೆಂದರೆ 1 ಲಕ್ಷ ಕೋಟಿ ನಂಬರುಗಳು. ಮನುಷ್ಯನಿಗೆ ಇದು ದೊಡ್ಡದು, ಕಂಪ್ಯೂಟರಿಗೆ ಏನೂ ಅಲ್ಲ. ಬರೀ ಆಧಾರ್ ನಂಬರಿನ ಹ್ಯಾಶ್ ಹಾಕಿಟ್ಟರೆ, ಒಬ್ಬ ಕಳ್ಳ ಎಲ್ಲ ನಂಬರಿಗೂ ಹ್ಯಾಶ್ ತೆಗೆದು ಯಾವುದು ತಾಳೆಯಾಗುತ್ತದೆಂದು ನೋಡಬಹುದು. ಅದಕ್ಕೆ ಹ್ಯಾಶ್ ಮಾಡುವ ಮೊದಲು ಗುಟ್ಟಿನ ಉದ್ದ ಸಂಖ್ಯೆಯೊಂದನ್ನು ಬೆರೆಸುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ 'ಸಾಲ್ಟ್' ಅಂತಲೇ ಹೆಸರು, ನಮ್ಮ ಉಪ್ಪು! ಉಪ್ಪಿಲ್ಲದ ಹ್ಯಾಶನ್ನು ನಂಬಬೇಡಿ.

ಒಮ್ಮೆ ಸರಪಳಿಗೆ ಸೇರಿದ್ದನ್ನು ಅಳಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ನಮ್ಮ ಮಾಹಿತಿ ತಿದ್ದಿಸುವ, ಅಳಿಸುವ ಹಕ್ಕನ್ನು ಕೊಡುತ್ತದೆ. ಅಳಿಸಲಾಗದ ಜಾಗದಲ್ಲಿ ಹೆಸರು, ವಿಳಾಸ ಬರೆದಿಟ್ಟರೆ ಆ ಹಕ್ಕಿಗೆ ಏನು ಬೆಲೆ? ಬರೀ ಹ್ಯಾಶ್ ಇಡಬೇಕು ಎನ್ನುವುದಕ್ಕೆ ಇದೂ ಕಾರಣ.

ಲಕ್ಷಾಂತರ ಮಾರ್ಕ್ಸ್ ಕಾರ್ಡ್ ಇರುತ್ತವೆ. ಒಂದೊಂದನ್ನೂ ಸರಪಳಿಗೆ ಹಾಕ್ತಾರಾ?

ಹಾಗೇನಿಲ್ಲ. ಕಬಡ್ಡಿ ನಾಕೌಟ್ ಪಂದ್ಯಾವಳಿಯಂತೆ ಮಾಡುತ್ತಾರೆ. ಎರಡೆರಡು ಹ್ಯಾಶ್ ಸೇರಿಸಿ ಒಂದು ಹೊಸ ಹ್ಯಾಶ್. ಹಾಗೆ ಬಂದವುಗಳನ್ನು ಮತ್ತೆ ಎರಡೆರಡು ಸೇರಿಸಿ ಇನ್ನೊಂದು. 1 ಲಕ್ಷ ಮಾರ್ಕ್ಸ್ ಕಾರ್ಡ್ ಇದ್ದರೂ 17 ಸುತ್ತು ಆದ ಮೇಲೆ ಒಂದೇ ಹ್ಯಾಶ್ ಉಳಿಯುತ್ತದೆ. ಅದನ್ನು ಮಾತ್ರ ಸರಪಳಿಗೆ ಬರೆದರೆ ಸಾಕು. ನಿಮ್ಮ ಕಾರ್ಡ್ ಆ ಲಕ್ಷದಲ್ಲಿತ್ತು ಎಂದು ತೋರಿಸಲು ನಿಮ್ಮ ದಾರಿಯಲ್ಲಿ ಎದುರಾದ 17 ಹ್ಯಾಶ್ ಕೊಟ್ಟರೆ ಆಯಿತು, ಉಳಿದವರ ಅಂಕಪಟ್ಟಿ ಯಾರೂ ನೋಡಬೇಕಿಲ್ಲ. ರಾಲ್ಫ್ ಮರ್ಕಲ್ ಎಂಬಾತ 1979ರಲ್ಲಿ ಕಂಡುಕೊಂಡ ದಾರಿ ಇದು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗವೂ ಇದೇ.

ಜಾತಿ ಪತ್ರದಲ್ಲಿ ಆಗಲೇ ಡಿಜಿಟಲ್ ಸಹಿ ಇದೆಯಲ್ಲ. ಇನ್ನು ಬ್ಲಾಕ್‌ಚೈನ್ ಯಾಕೆ?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ.

ಡಿಜಿಟಲ್ ಸಹಿ ಗಟ್ಟಿ ವಸ್ತುವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ ಅದಕ್ಕೆ ಕಾನೂನಿನ ಬಲ ಇದೆ. ಯಾರು ಸಹಿ ಮಾಡಿದರು, ಆಮೇಲೆ ಫೈಲು ಬದಲಾಯಿತೇ ಎಂಬ ಎರಡನ್ನೂ ಅದು ಹೇಳುತ್ತದೆ. ಪಿಡಿಎಫ್ ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬಂದು 'ವ್ಯಾಲಿಡಿಟಿ ಅನ್‌ನೋನ್' ಎಂದು ತೋರಿಸಿದರೆ ಪತ್ರ ನಕಲಿ ಎಂದು ಗಾಬರಿಯಾಗಬೇಡಿ. ಆ ಸಹಿಯನ್ನು ನಂಬಬೇಕೆಂದು ನಿಮ್ಮ ಕಂಪ್ಯೂಟರಿಗೆ ಇನ್ನೂ ಹೇಳಿಲ್ಲ, ಅಷ್ಟೇ. ವಾರಕ್ಕೆ ನಾಲ್ಕು ಜನ ಇದಕ್ಕೇ ಓಡಿ ಬರುತ್ತಾರೆ.

ಸಹಿಗೆ ಎರಡು ಕೊರತೆ ಇವೆ. ಮೊದಲನೆಯದು ಡಾಂಗಲ್. ಸಹಿಯ ಕೀಲಿ ಒಂದು ಸಣ್ಣ ಯುಎಸ್‌ಬಿ ಡಾಂಗಲ್‌ನಲ್ಲಿರುತ್ತದೆ. ಅಧಿಕಾರಿ ಅದನ್ನೂ ಪಿನ್ ನಂಬರನ್ನೂ ಬೇರೆಯವರ ಕೈಗೆ ಕೊಟ್ಟರೆ? ಕಂಪ್ಯೂಟರಿನ ದಿನಾಂಕ ಹಿಂದೆ ಹಾಕಿ ಹೋದ ವರ್ಷದ ತಾರೀಖಿಗೆ ಸಹಿ ಹೊಡೆಯಬಹುದು. ಸರಪಳಿಯಲ್ಲಿ ಇದು ಆಗದು. ಇವತ್ತಿನ ಹ್ಯಾಶ್ ನಿನ್ನೆಯ ಬ್ಲಾಕಿನ ಮುಂದೆಯೇ ಕೂರಬೇಕು, ಹೋದ ವರ್ಷದ ಸಾಲಿನ ನಡುವೆ ತೂರಿಸಲು ಜಾಗವಿಲ್ಲ. ಎರಡನೆಯದು ರದ್ದಾದ ಪತ್ರ. ಪರಿಶೀಲನಾ ಸಮಿತಿ ಒಬ್ಬರ ಜಾತಿ ಪತ್ರ ರದ್ದು ಮಾಡಿದರೂ ಅವರ ಮೊಬೈಲಿನಲ್ಲಿರುವ ಪಿಡಿಎಫ್‌ನ ಸಹಿ ಸರಿಯಾಗಿಯೇ ಕಾಣುತ್ತದೆ. 'ಇದು ರದ್ದಾಗಿದೆ' ಎಂಬ ಮಾತು ಬೇರೆ ಎಲ್ಲೋ ಇರಬೇಕು, ಮತ್ತು ನೋಡುವವರಿಗೆ ಸಿಗಬೇಕು. ಸರಪಳಿ ಅದಕ್ಕೊಂದು ಜಾಗ.

ಹಾಗಂತ ಎಲ್ಲದಕ್ಕೂ ಬ್ಲಾಕ್‌ಚೈನ್ ಬೇಕು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಒಂದೇ ಇಲಾಖೆ ಕೊಟ್ಟು, ಅದೇ ಇಲಾಖೆ ನೋಡುವ ಪತ್ರಕ್ಕೆ ಸರಿಯಾದ ವೆಬ್‌ಸೈಟಿನಲ್ಲಿ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿ ನೋಡುವ ಸೌಲಭ್ಯವೇ ಸಾಕು. ನಾಲ್ಕಾರು ಕಚೇರಿಗಳು ಸೇರುವ ಕಡೆ, ಒಬ್ಬರ ಕಂಪ್ಯೂಟರನ್ನು ಇನ್ನೊಬ್ಬರು ನಂಬದ ಕಡೆ ಸರಪಳಿಗೆ ಬೆಲೆ ಬರುತ್ತದೆ.

ನನ್ನ ಪಹಣಿಯಲ್ಲಿ ಹೆಸರು ತಪ್ಪಿದೆ. ಬ್ಲಾಕ್‌ಚೈನ್‌ಗೆ ಹಾಕಿದರೆ ಸರಿಯಾಗುತ್ತಾ?

ಇಲ್ಲ. ತಪ್ಪೇ ಗಟ್ಟಿಯಾಗುತ್ತದೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ಲಾಕ್‌ಚೈನ್ ಹೇಳುವುದು ಒಂದೇ ಮಾತು: ಈ ಕಾಗದ ಕೊಟ್ಟ ದಿನದಿಂದ ಬದಲಾಗಿಲ್ಲ. ಕಾಗದದೊಳಗೆ ಬರೆದದ್ದು ಖರೆಯೋ ಸುಳ್ಳೋ ಅದಕ್ಕೆ ಗೊತ್ತಿಲ್ಲ. ನನ್ನದೇ ಒಂದು ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ ಒಂದು ಒತ್ತಕ್ಷರ ಬಿಟ್ಟಿದ್ದಾರೆ. ಬರೆದವರು ಯಾರೋ, ನಿದ್ದೆಗಣ್ಣಿನಲ್ಲಿ ಬರೆದರೋ ಏನೋ. ಆ ಒಂದು ಒತ್ತಿಗಾಗಿ ಅಫಿಡವಿಟ್ ಮಾಡಿಸಿ, ಮೂರು ಕೌಂಟರ್ ತಿರುಗಿದ್ದೇನೆ. ಆ ಅಂಕಪಟ್ಟಿಯ ಹ್ಯಾಶನ್ನು ಸರಪಳಿಗೆ ಸೇರಿಸಿದ್ದರೆ ಪರಿಶೀಲನೆಯಲ್ಲಿ 'ಅಸಲಿ' ಎಂದೇ ಬರುತ್ತಿತ್ತು. ಅಸಲಿಯೇ, ತಪ್ಪೂ ಹೌದು.

ಸರಪಳಿಯಲ್ಲಿ ತಿದ್ದುಪಡಿ ಎಂದರೆ ಹಳೆಯದನ್ನು ಅಳಿಸುವುದಲ್ಲ. ಹಳೆಯದು ಹಾಗೇ ಉಳಿದು, ಇದರ ಬದಲು ಈಗ ಇದು ಎಂದು ಹೊಸ ಸಾಲು ಸೇರುತ್ತದೆ. ರಿಜಿಸ್ಟರ್ ಆಫೀಸಿನಲ್ಲಿ ತಿದ್ದುಪಡಿ ಪತ್ರ ಮಾಡಿಸುತ್ತೇವಲ್ಲ, ಹಾಗೆ. ಹಳೆಯ ಖರೀದಿ ಪತ್ರವನ್ನು ಯಾರೂ ಹರಿದು ಹಾಕುವುದಿಲ್ಲ. ಅದಕ್ಕೇ ಸರಪಳಿಗೆ ಹೋಗುವ ಮೊದಲೇ ತಪ್ಪು ಹುಡುಕಿ ಸರಿ ಮಾಡಿಸಿಕೊಳ್ಳುವುದು ಜಾಣತನ.

ಹೊಲ ಇನ್ನೂ ತಾತನ ಹೆಸರಿನಲ್ಲಿದೆ. ಹೊಸ ವ್ಯವಸ್ಥೆ ಬಂದರೆ ನಮ್ಮ ಹೆಸರಿಗೆ ತಾನಾಗಿ ಬರುತ್ತಾ?

ತಾನಾಗಿ ಏನೂ ಬರುವುದಿಲ್ಲ. ಪೌತಿ ಖಾತೆಗೆ ಅರ್ಜಿ ಹಾಕಬೇಕು, ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ಅಣ್ಣತಮ್ಮಂದಿರು ಒಪ್ಪಬೇಕು, ಅಕ್ಕತಂಗಿಯರ ಹಕ್ಕನ್ನೂ ಬರೆಯಬೇಕು. ಈ ಕೆಲಸ ಮನೆಯೊಳಗೆ ಆಗದೆ ಕಂಪ್ಯೂಟರ್ ಏನು ಮಾಡೀತು?

ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಬಂದ 'ಭೂಮಿ' ಯೋಜನೆಯ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಈ ಶತಮಾನದ ಶುರುವಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ನಿಯಮ ಬಂತು. ತಿದ್ದಾಟ ಕಡಿಮೆಯಾಯಿತು, ನಿಜ. ಆದರೆ ಕೈಬರಹದಲ್ಲಿದ್ದ ತಪ್ಪುಗಳೂ ಅಚ್ಚಾಗಿ ಬಂದವು. ಇನ್ನೊಂದು ಮಾತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಬೇಕು. ಸಾಬೀತಾಗುವವರೆಗೆ ಮಾತ್ರ. ಹ್ಯಾಶ್ ಸೇರಿಸಿದ ಮಾತ್ರಕ್ಕೆ ಪಹಣಿ ಮಾಲೀಕತ್ವದ ಕೊನೆಯ ಮಾತಾಗುವುದಿಲ್ಲ.

371ಜೆ ಪತ್ರಕ್ಕೆ ಇದು ಉಪಯೋಗವಾ?

ನನ್ನ ಕೇಳಿದರೆ ನಮ್ಮ ಭಾಗದಲ್ಲಿ ಮೊದಲು ಬೇಕಿರುವುದು ಅದಕ್ಕೇ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಸ್ಥಳೀಯ ಮೀಸಲು ಇದೆ, ಗ್ರೂಪ್ ಸಿ ಹುದ್ದೆಗಳಲ್ಲಿ ಅದು ಶೇ 80. ಇಷ್ಟು ದೊಡ್ಡ ಲಾಭ ಒಂದು ಅರ್ಹತಾ ಪತ್ರದ ಮೇಲೆ ನಿಂತಾಗ ಸುಳ್ಳು ಪತ್ರದ ಆಸೆಯೂ ಹುಟ್ಟುತ್ತದೆ. ಪತ್ರ ಕೊಡುವವರು ಉಪವಿಭಾಗಾಧಿಕಾರಿ. ನೋಡುವವರು ನೇಮಕಾತಿ ಮಾಡುವ ಬೇರೆ ಬೇರೆ ಸಂಸ್ಥೆಗಳು. ಆಯ್ಕೆಯಾದವರ ಪತ್ರವನ್ನು ಕೊಟ್ಟ ಕಚೇರಿಗೇ ಕಳಿಸಿ 'ನೈಜತೆ' ಕೇಳುವುದು, ಉತ್ತರಕ್ಕೆ ಕಾಯುವುದು, ಅಷ್ಟರಲ್ಲಿ ಹುಡುಗನ ಆದೇಶ ನಿಲ್ಲುವುದು. ಪತ್ರ ಕೊಟ್ಟ ಕ್ಷಣವೇ ಹ್ಯಾಶ್ ಸರಪಳಿಗೆ ಹೋಗಿದ್ದರೆ ಆ ಕಾಯುವಿಕೆಯ ಒಂದು ಭಾಗ ತಪ್ಪುತ್ತದೆ. ಒಂದು ಭಾಗ ಎಂದೆ. ಅರ್ಜಿದಾರ ನಿಜಕ್ಕೂ ಇಲ್ಲಿಯವನೇ ಎಂದು ಪತ್ರ ಕೊಡುವ ಮೊದಲು ಯಾರಾದರೂ ಹೋಗಿ ನೋಡಲೇಬೇಕು.

ಹಳೆಯ ಪತ್ರದಲ್ಲಿ ಜಿಲ್ಲೆ 'ರಾಯಚೂರು' ಎಂದಿದೆ, ನಮ್ಮೂರು ಈಗ ಕೊಪ್ಪಳದಲ್ಲಿದೆ, ತೊಂದರೆಯಾ ಎಂದೂ ಕೇಳುತ್ತಾರೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ಪತ್ರದಲ್ಲಿ ರಾಯಚೂರು ಇರಲೇಬೇಕು. ಕೊಪ್ಪಳ ಎಂದಿದ್ದರೇ ಅನುಮಾನ.

ಪತ್ರ ಅಸಲಿ. ಆದರೂ 'ತಾಳೆಯಾಗುತ್ತಿಲ್ಲ' ಅಂತ ಬರುತ್ತಿದೆ. ಯಾಕೆ?

ನೂರಕ್ಕೆ ತೊಂಬತ್ತು ಸಲ ತಪ್ಪು ನಮ್ಮಂಥ ಅಂಗಡಿಯವರದು. ಒಪ್ಪಿಕೊಳ್ಳುತ್ತೇನೆ.

ಅರ್ಜಿ ವೆಬ್‌ಸೈಟು '200 ಕೆಬಿ ಒಳಗೆ' ಎನ್ನುತ್ತದೆ. ನಾವು ಪಿಡಿಎಫ್ ಕಂಪ್ರೆಸ್ ಮಾಡುತ್ತೇವೆ. ಕಣ್ಣಿಗೆ ಅದೇ ಪತ್ರ, ಹ್ಯಾಶ್‌ಗೆ ಅದು ಬೇರೆ ಫೈಲು. ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರೂ ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಆಗಲೂ ಅಷ್ಟೇ. ಒಮ್ಮೆ ಒಬ್ಬ ತಂಗಿಯ ದಾಖಲೆಯನ್ನು ನಾನೇ ಕುಗ್ಗಿಸಿ ಕಳಿಸಿದ್ದೆ, ಡಿಜಿಟಲ್ ಸಹಿಯೇ ಹಾರಿಹೋಗಿತ್ತು. ಆ ಕಚೇರಿಯವರು ನಕಲಿ ಎಂದು ವಾಪಸ್ ಕಳಿಸಿದರು. ಪಾಪ, ಎರಡು ದಿನ ಅತ್ತಿದ್ದಳು. ಅಂದಿನಿಂದ ಮೂಲ ಫೈಲನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಡುತ್ತೇನೆ. ನೀವೂ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಡಿಜಿಲಾಕರ್‌ನಲ್ಲಿ ಇಲಾಖೆಯೇ ಕೊಟ್ಟ ಪತ್ರವಿದ್ದರೆ ಇನ್ನೂ ಒಳ್ಳೆಯದು. 2016ರ ನಿಯಮದಂತೆ ಅದು ಕಾಗದದ ಅಸಲಿಗೆ ಸಮ. ನೀವೇ ಸ್ಕ್ಯಾನ್ ಮಾಡಿ ಅಲ್ಲಿಗೆ ಏರಿಸಿದ್ದಕ್ಕೆ ಆ ಬೆಲೆ ಇಲ್ಲ.

ಕ್ಯೂಆರ್ ಸ್ಕ್ಯಾನ್ ಮಾಡಿದೆ, ಹಸಿರು ಟಿಕ್ ಬಂತು. ಅಷ್ಟು ಸಾಕಲ್ವಾ?

ಸಾಲದು. ಕ್ಯೂಆರ್ ಕೋಡ್ ಯಾರು ಬೇಕಾದರೂ ಮಾಡಬಹುದು, ನಮ್ಮ ಅಂಗಡಿಯಲ್ಲೇ ದಿನಾ ಮಾಡುತ್ತೇವೆ. ನಕಲಿ ಪತ್ರ ಮಾಡುವವನು ನಕಲಿ ವೆಬ್‌ಸೈಟನ್ನೂ ಮಾಡಿ, ಅದರ ಮೇಲೆ ಲಾಂಛನ, ಹಸಿರು ಟಿಕ್ ಎಲ್ಲ ಹಾಕಿರುತ್ತಾನೆ. ಟಿಕ್ ನೋಡುವ ಮುಂಚೆ ಮೇಲಿನ ವಿಳಾಸ ನೋಡಿ. ಸರ್ಕಾರದ್ದಾದರೆ ವೆಬ್‌ಸೈಟಿನ ಹೆಸರು (https:// ಆದ ಮೇಲೆ ಬರುವ ಮೊದಲ '/' ಗೀಟಿನವರೆಗಿನ ಭಾಗ) 'ಜಿಒವಿ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯಬೇಕು. ನಡುವೆ ಎಲ್ಲೋ ಆ ಅಕ್ಷರ ಇದ್ದು, ಆ ಹೆಸರಿನ ಕೊನೆಗೆ ಬೇರೇನೋ ಇದ್ದರೆ ಅಲ್ಲಿಗೇ ಬಿಡಿ. ಅನುಮಾನ ಇದ್ದರೆ ಕ್ಯೂಆರ್ ಬಿಟ್ಟು, ನೀವೇ ವಿಳಾಸ ಟೈಪ್ ಮಾಡಿ ಹೋಗಿ ಪತ್ರದ ನಂಬರ್ ಹಾಕಿ ನೋಡಿ.

ನಮ್ಮ ದೇಶದಲ್ಲಿ ಇದನ್ನು ಯಾರು ನಡೆಸುತ್ತಾರೆ?

ಸರ್ಕಾರಿ ಕಂಪ್ಯೂಟರ್ ಕೆಲಸ ನೋಡುವ ಕೇಂದ್ರದ ಸಂಸ್ಥೆ ಎನ್‌ಐಸಿ 2020ರಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಕೇಂದ್ರ ತೆರೆಯಿತು. 2024ರ ಸೆಪ್ಟೆಂಬರ್ 4ರಂದು ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟು ಬಂತು. ಅದರ ತಾಂತ್ರಿಕ ಬುನಾದಿಯ ಹೆಸರು 'ವಿಶ್ವಸ್ಯ'. ಭುವನೇಶ್ವರ, ಪುಣೆ, ಹೈದರಾಬಾದ್ ಡೇಟಾ ಸೆಂಟರುಗಳಲ್ಲಿ ಅದನ್ನು ಇಟ್ಟಿದ್ದಾರೆ. ಅಂಕಪಟ್ಟಿಯಂಥವಕ್ಕೆ ಸರ್ಟಿಫಿಕೇಟ್ ಚೈನ್, ಇಲಾಖೆಗಳ ಪತ್ರಕ್ಕೆ ಡಾಕ್ಯುಮೆಂಟ್ ಚೈನ್, ಆಸ್ತಿಗೆ ಪ್ರಾಪರ್ಟಿ ಚೈನ್, ಕೋರ್ಟಿನ ಕೆಲಸಕ್ಕೆ ಜುಡಿಷಿಯರಿ ಚೈನ್ ಎಂದು ಬೇರೆ ಬೇರೆ ಇವೆ. ಸಿಬಿಎಸ್‌ಇ 2021ರಲ್ಲೇ ತನ್ನ ಅಂಕಪಟ್ಟಿಗೆ ಇದನ್ನು ಶುರು ಮಾಡಿತು.

ಇವು ಬಿಟ್‌ಕಾಯಿನ್‌ನಂತೆ ಎಲ್ಲರಿಗೂ ತೆರೆದ ಸರಪಳಿ ಅಲ್ಲ. ಅನುಮತಿ ಇದ್ದವರು ಮಾತ್ರ ಬರೆಯಬಹುದು. ಅದರಿಂದ ಕರೆಂಟೂ ಉಳಿಯುತ್ತದೆ. ಬಿಟ್‌ಕಾಯಿನ್ ಜಾಲಕ್ಕೆ ನಮ್ಮ ರಾಯಚೂರಿನ ಆರ್‌ಟಿಪಿಎಸ್‌ನಂಥ ಹಲವು ಸ್ಥಾವರಗಳ ವಿದ್ಯುತ್ ಬೇಕು. ಅನುಮತಿಯ ಸರಪಳಿ ಸಾಮಾನ್ಯ ಸರ್ವರುಗಳಲ್ಲೇ ಓಡುತ್ತದೆ. ಆದರೆ ಒಂದು ಕಟು ಮಾತು ಹೇಳಲೇಬೇಕು. ಎಲ್ಲ ಪ್ರತಿಗಳೂ ಒಂದೇ ಯಜಮಾನನ ಕೈಯಲ್ಲಿದ್ದರೆ ಹತ್ತು ಅಂಗಡಿಯ ಹತ್ತು ಪುಸ್ತಕ ಎಂಬ ಲಾಭ ತೆಳ್ಳಗಾಗುತ್ತದೆ. ಹತ್ತು ಕೋಣೆಯಲ್ಲಿಟ್ಟರೂ ಮನೆ ಒಂದೇ ಅಲ್ವಾ? ಪ್ರತಿಗಳು ಬೇರೆ ಬೇರೆ ಇಲಾಖೆ, ವಿಶ್ವವಿದ್ಯಾಲಯ, ನ್ಯಾಯಾಂಗದ ಕೈಯಲ್ಲಿ ಇದ್ದಷ್ಟೂ ಒಳ್ಳೆಯದು.

ಕೋರ್ಟಿನಲ್ಲಿ ನಡೆಯುತ್ತಾ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಯನ್ನು ಹೇಗೆ ಹಾಜರುಪಡಿಸಬೇಕೆಂದು ಹೇಳುತ್ತದೆ. ಜೊತೆಗೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗವಿದೆ, ಎಸ್‌ಎಚ್‌ಎ-256 ಹೆಸರೂ ಇದೆ. ಅಂದರೆ ಹ್ಯಾಶ್ ಎಂಬುದು ಈಗ ವಕೀಲರಿಗೆ ಹೊಸ ಪದವಲ್ಲ. ನಿಮ್ಮ ಪ್ರಕರಣದಲ್ಲಿ ಅದರ ತೂಕ ಎಷ್ಟು ಎಂಬುದನ್ನು ವಕೀಲರನ್ನೇ ಕೇಳಿ. ಝೆರಾಕ್ಸ್ ಅಂಗಡಿಯ ಕಾನೂನು ಸಲಹೆಗೆ ಝೆರಾಕ್ಸಿನಷ್ಟೇ ಬೆಲೆ.

ಅಜ್ಜನ ಕಾಲದ ಉರ್ದು ಕಾಗದ ಇದೆ. ಅದನ್ನೂ ಸೇರಿಸಬಹುದಾ?

ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮನ ಕೈಯಲ್ಲಿದ್ದವು, ಹಾಗಾಗಿ ಹಳೆಯ ದಫ್ತರು ಉರ್ದುವಿನಲ್ಲಿದೆ. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು 1953ರಲ್ಲಿ. ಅಲ್ಲಿಯ ಹಿರಿಯರು ಪಹಣಿಗೆ ಈಗಲೂ ಅಡಂಗಲ್ ಎನ್ನುತ್ತಾರೆ. ಒಂದೇ ಹೊಳೆಯ ಆಚೆ ಈಚೆ ಎರಡು ಲೆಕ್ಕ.

ಸ್ಕ್ಯಾನ್ ಮಾಡಿ ಹ್ಯಾಶ್ ಸೇರಿಸಲು ಅಡ್ಡಿಯಿಲ್ಲ. ಆದರೆ ಅದು ಸಾಕ್ಷಿ ಹೇಳುವುದು ಸ್ಕ್ಯಾನ್ ಮಾಡಿದ ದಿನದಿಂದ. ಅದಕ್ಕೂ ಮುಂಚೆ 70 ವರ್ಷ ಆ ಕಾಗದ ಯಾರ ಟ್ರಂಕಿನಲ್ಲಿತ್ತು, ಯಾರು ಏನು ತಿದ್ದಿದರು ಎಂಬುದನ್ನು ಹೇಳದು. ಆದರೂ ಸ್ಕ್ಯಾನ್ ಮಾಡಿಸಿಡಿ. ಗೆದ್ದಲಿಗೆ ಉರ್ದು, ಕನ್ನಡ ಎಂಬ ಭೇದವಿಲ್ಲ.

ದುಬೈಗೆ ಹೋಗಬೇಕು. ಬ್ಲಾಕ್‌ಚೈನ್ ಇದ್ದರೆ ಅಟೆಸ್ಟೇಶನ್ ತಪ್ಪುತ್ತಾ?

ತಪ್ಪುವುದಿಲ್ಲ. ಯಾವ ದೇಶ ಏನು ಕೇಳುತ್ತದೋ ಅದನ್ನೇ ಕೊಡಬೇಕು. ಒಂದೇ ಮುದ್ರೆಯಿಂದ ದಾಖಲೆ ದೃಢೀಕರಿಸುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ, ಅದನ್ನು ಒಪ್ಪುವ ದೇಶಗಳಿಗೆ ಆ ಮುದ್ರೆ ಸಾಕು. ಉಳಿದವಕ್ಕೆ ರಾಯಭಾರ ಕಚೇರಿಯ ದಾರಿ.

ಫೋನ್ ಬಂದಿತ್ತು. 'ನಿಮ್ಮ ಪಹಣಿ ಬ್ಲಾಕ್‌ಚೈನ್‌ಗೆ ಏರಿಸದಿದ್ದರೆ ರದ್ದಾಗುತ್ತದೆ, 2,000 ರೂಪಾಯಿ ಹಾಕಿ' ಅಂದರು.

ಮೋಸ. ಹ್ಯಾಶ್ ಸೇರಿಸುವುದು ಪತ್ರ ಕೊಡುವ ಕಚೇರಿಯ ಕೆಲಸ. ಅದನ್ನು ಮೂರನೆಯವರು ಫೋನಿನಲ್ಲಿ ಮಾಡಿಕೊಡಲು ಬರುವುದಿಲ್ಲ. ಅವರು ಕಳಿಸುವ ಎಪಿಕೆ (ಮೊಬೈಲ್ ಆ್ಯಪ್) ಫೈಲನ್ನು ಮುಟ್ಟಲೇಬೇಡಿ, ಒಟಿಪಿ ಹೇಳಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ನಾವು ಮಾಡಬೇಕಾದ್ದು ಏನಾದರೂ ಇದೆಯಾ?

ಇದೆ, ಮತ್ತು ಅದಕ್ಕೆ ಬ್ಲಾಕ್‌ಚೈನ್ ಬರುವವರೆಗೆ ಕಾಯಬೇಕಿಲ್ಲ. ಮನೆಯ ಎಲ್ಲರ ಆಧಾರ್, ಅಂಕಪಟ್ಟಿ, ಜಾತಿ ಪತ್ರ, ಪಹಣಿಯನ್ನು ಚಾಪೆಯ ಮೇಲೆ ಹರಡಿ ಕೂತುಕೊಳ್ಳಿ. ಪ್ರತಿ ಹೆಸರಿನ ಒಂದೊಂದು ಅಕ್ಷರ ಓದಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲವೋ, ಹುಟ್ಟಿದ ತಾರೀಖು ಜೂನ್ 1 ಎಂದು ಮಾಸ್ತರರು ಬರೆದದ್ದೋ, ನೋಡಿ. ವ್ಯತ್ಯಾಸ ಕಂಡರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಹಿಡಿದು ಬನ್ನಿ, ಯಾವುದಕ್ಕೆ ಯಾವ ಅರ್ಜಿ ಎಂದು ಹೇಳುತ್ತೇನೆ. ಸಂತೆ ದಿನ ಮಾತ್ರ ಬೇಡ, ಅಂದು ಸರ್ವರೂ ಡೌನ್, ನಾನೂ ಡೌನ್.